ಎಫ್‌ಎಂ2 ಬಿಟ್ಟು ಡಿ70 ಹಿಡಿದೆ

ಗದಗ-ಬೆಟಗೇರಿ ಕಡೆ ಮದುವೆಗೆ ಫಿಲ್ಮ್ ಬಿಟ್ಟು ಡಿಜಿಟಲ್ ಕ್ಯಾಮೆರಾ ತಗೊಂಡು ಹೋದಾಗ ನಮ್ಮ ಫೋಟೊ ಲೈನಿನವರೇ ನಕ್ಕಿದ್ದರು. ‘ಆರು ಮೆಗಾಪಿಕ್ಸೆಲ್ ಏನ್ ಮಾಡ್ತೀಯೋ, ದೊಡ್ಡದು ಮಾಡಿದ್ರ ಒಡೀತೈತಿ’ ಅಂದರು. 2005ರ ಸುಮಾರಿನ ಮಾತು.

ನಿಕಾನ್ ಡಿ70, 18-70 ಲೆನ್ಸ್, 1 ಜಿಬಿ ಕಾರ್ಡು, ಎಲ್ಲ ಸೇರಿ 70-75 ಸಾವಿರ ಬಿದ್ದ ನೆನಪು. ಎಫ್‌ಎಂ2, ಯಾಶಿಕಾ ಎರಡೂ ಫಿಲ್ಮ್ ಕ್ಯಾಮೆರಾ ಮಾರಿದರೂ ಅರ್ಧ ದುಡ್ಡು ಬರಲಿಲ್ಲ. ಉಳಿದದ್ದು ಸೊಸೈಟಿ ಸಾಲ. ಆದರೆ ಫಿಲ್ಮಿನಲ್ಲಿ ಒಂದು ಮದುವೆಗೆ 12-15 ರೋಲು, ತೊಳೆಯೋದು, ಎಲ್ಲಾ ಫ್ರೇಮಿಗೂ ಪ್ರಿಂಟು ಅಂತ ನಾಲ್ಕು ಸಾವಿರ ಮೊದಲೇ ಕೈಬಿಡುತ್ತಿತ್ತು. ಡಿಜಿಟಲ್‌ನಲ್ಲಿ ಮನೆಯವರು ಆರಿಸಿದ್ದಕ್ಕಷ್ಟೇ ಪ್ರಿಂಟು.

ಕಾಡಿದ್ದು ಬಿಳಿ ಬಣ್ಣ. ನೆಗೆಟಿವ್‌ಗೆ ಒಂದು ಸ್ಟಾಪ್, ಅಂದ್ರೆ ಎರಡು ಪಟ್ಟು ಬೆಳಕು, ಜಾಸ್ತಿ ಕೊಟ್ಟರೂ ಲ್ಯಾಬಿನವರು ಎಳೆದು ತರುತ್ತಿದ್ದರು, ಅಲ್ವಾ? ಡಿಜಿಟಲ್‌ನಲ್ಲಿ ಬೀಗರ ಧೋತರ, ಟೊಪಗಿ ಬೆಳಕು ಹೆಚ್ಚಾಗಿ ಒಮ್ಮೆ ಹಾರಿದರೆ ಹಾರಿತು, ಮಡಿಕೆಯೇ ಕಾಣಲ್ಲ. ಇಳಕಲ್ ಸೀರೆ ಇನ್ನೂ ಕಷ್ಟ. ಹಿಸ್ಟೊಗ್ರಾಮ್ (ಬೆಳಕಿನ ಹಂಚಿಕೆ ತೋರಿಸುವ ಗ್ರಾಫು) ಸರಿ ಇದ್ದರೂ ಕೆಂಪು ಸೆರಗು ಮುದ್ದೆಯಾಗಿ, ನೇಯ್ಗೆಯೇ ಮಾಯ. ಕೊನೆಗೆ ಎಕ್ಸ್‌ಪೋಷರ್ ಮೈನಸ್ 0.7 ಸ್ಟಾಪ್‌ಗೆ ಇಟ್ಟು, ಫ್ಲ್ಯಾಷನ್ನೂ ಅಷ್ಟೇ ಇಳಿಸಿ, ಮುಖದ ಬೆಳಕನ್ನು ಫೋಟೊಶಾಪ್‌ನಲ್ಲಿ ಎತ್ತಿದೆ. ಸೆರಗಿನ ಎಳೆ ಎಳೆ ಬಂತು.

ಹುಬ್ಬಳ್ಳಿಯ ಲ್ಯಾಬೊಂದರಲ್ಲಿ ಆಟೊ ಕರೆಕ್ಷನ್ ಹಾಕಿ ಎಲ್ಲಾ ಮತ್ತೆ ಬೆಳ್ಳಗೆ ಮಾಡಿಕೊಟ್ಟರು. ಒಂದು ಮದುವೆಯ ಪ್ರಿಂಟು ಪೂರ್ತಿ ದಂಡ. ಆಮೇಲೆ ಸಿಡಿ ಮೇಲೇ ‘ಕರೆಕ್ಷನ್ ಬೇಡ’ ಅಂತ ಬರೆದು, ಆಪರೇಟರ್ ಪಕ್ಕ ಕೂತು ಹಾಕಿಸತೊಡಗಿದೆ. ಡಿ70ಯ ಕಲರ್ ಮೋಡ್ 2 ಇಡುತ್ತಿರಲಿಲ್ಲ, ಅದು ಅಡೋಬಿ ಆರ್‌ಜಿಬಿ ಅನ್ನೋ ಬಣ್ಣದ ವ್ಯವಸ್ಥೆ, ಲ್ಯಾಬಿನಲ್ಲಿ ಮುಖ ಸಪ್ಪೆ ಬರುತ್ತಿತ್ತು. ಮದುವೆಗೆ ಎಸ್‌ಆರ್‌ಜಿಬಿ ಇರುವ ಮೋಡ್ 1ಎ ಸಾಕಾಗುತ್ತಿತ್ತು.

ನಡುವೆ ಸುಮ್ನೆ ಇನ್ನೊಂದು ನೋಡಿದೆ. ಆಗ ವಿಡಿಯೊದವರ ಹ್ಯಾಲೊಜನ್ ದೀಪ ಹಳದಿ, ನಮ್ಮ ಫ್ಲ್ಯಾಷ್ ಬಿಳಿ. ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣಿಸುವ ಸೆಟ್ಟಿಂಗು) ಯಾವ ಬೆಳಕಿಗಿಟ್ಟರೂ ಇನ್ನೊಂದು ಕೆಡುತ್ತಿತ್ತು. ಫ್ಲ್ಯಾಷಿಗೆ ಬಣ್ಣದ ಜಿಲೆಟಿನ್ ಪೇಪರ್ ಕಟ್ಟಿ, ಬಲ್ಬಿನ ಸೆಟ್ಟಿಂಗಿಗೆ ಇಟ್ಟಾಗ ಎರಡೂ ಕೂಡಿಕೊಂಡವು. ಯಾವ ಬಣ್ಣ, ಎಷ್ಟು ಮಡಿಕೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ಬೆಣ್ಣೆ ಕಾಗದದ ಡಿಫ್ಯೂಸರ್‌ನಿಂದ ಉಪಯೋಗ ಆಗಲಿಲ್ಲ, ಬ್ಯಾಟರಿ ಬೇಗ ಮುಗಿದದ್ದೇ ಬಂತು.

ಕೊನೆಗೆ ಅಕ್ಕಿಕಾಳು ಬೀಳುವ ಡಿಜಿಟಲ್ ಫೋಟೊ ಒಂದನ್ನು 12×18 ಇಂಚಿಗೆ ಪ್ರಿಂಟು ಹಾಕಿಸಿದೆ. ಲೆಕ್ಕದಲ್ಲಿ ಇಂಚಿಗೆ 167 ಪಿಕ್ಸೆಲ್ ಅಷ್ಟೇ. ಪಕ್ಕಕ್ಕೆ 400 ಐಎಸ್‌ಒ ಫಿಲ್ಮಿನದೂ ಅದೇ ಸೈಜು ಇಟ್ಟು, ಫಿಲ್ಮಿಂದು ಯಾವುದು ಹೇಳಿ ಅಂದೆ. ನಕ್ಕವರೆಲ್ಲ ಬೆರಳಿಟ್ಟದ್ದು ಡಿಜಿಟಲ್ ಮೇಲೆ!

ಸಾಲ ಎರಡು ಸೀಸನ್‌ನಲ್ಲಿ ತೀರಿತು. ಅಷ್ಟರಲ್ಲಿ ಜನ ಕರಿಜ್ಮಾ ಆಲ್ಬಂ (ಪುಟವನ್ನೇ ಡಿಸೈನ್ ಮಾಡಿ ಪ್ರಿಂಟು ಹಾಕಿದ ಪುಸ್ತಕದಂಥ ಆಲ್ಬಂ) ಕೇಳೋಕೆ ಶುರು ಮಾಡಿದ್ದರು. ಡಿಸೈನಿಗೆ ಅಂತ ಒಬ್ಬ ಹುಡುಗ, ಒಂದು ಕಂಪ್ಯೂಟರ್, ಮತ್ತೆ ಖರ್ಚು.