ಅಡ್ವಾನ್ಸ್ ದುಡ್ಡು ಮುಟ್ಟಲ್ಲ

ಬೆಂಗಳೂರಲ್ಲಿ 13 ವರ್ಷ ಬಾಡಿಗೆ ಮನೆಯಲ್ಲೇ ಇದ್ದೆವು. ಕೊನೆಯ ಮನೆ ಬಿಟ್ಟಾಗ ಅಡ್ವಾನ್ಸ್ ವಾಪಸ್ ಬರೋಕೆ 4 ತಿಂಗಳು ಹಿಡಿಯಿತು. "ಹೊಸಬರು ಬರ್ಲಿ ತಡೀರಮ್ಮ, ಅವರು ಕೊಟ್ಟ ತಕ್ಷಣ ಕೊಡ್ತೀನಿ" ಅನ್ನುತ್ತಿದ್ದರು ಓನರ್. ನಮ್ಮ ದುಡ್ಡು ಆಗಲೇ ಖರ್ಚಾಗಿತ್ತು. ಸಿಕ್ಕಾಗಲೂ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡಿದ್ದರು.

ಈಗ ನಾನೇ ಓನರ್. ಕೆಳಗೆ ನಾವು, ಮೇಲೆ ಎರಡು ಮನೆ. 10 ತಿಂಗಳ ಅಡ್ವಾನ್ಸ್ ಕೇಳೋದು ಈ ಊರಿನ ಹಳೇ ರೂಢಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ 2 ತಿಂಗಳ ಮಿತಿ ಹೇಳುತ್ತೆ. ನಾನು 3 ತಗೊಳ್ತೀನಿ. ಎರಡಕ್ಕೆ ಇಳಿಯೋ ಧೈರ್ಯ ಇನ್ನೂ ಬಂದಿಲ್ಲ. ಆದರೆ ಬಂದ ದುಡ್ಡು ಅದೇ ವಾರ ಎಫ್‌ಡಿಗೆ ಹೋಗುತ್ತೆ. ನಮ್ಮ ಮನೇಲಿ ಎಷ್ಟೇ ತಾಪತ್ರಯ ಇದ್ದರೂ ಅದನ್ನ ಮುಟ್ಟಲ್ಲ.

ಕೀ ಕೊಡುವ ದಿನ ಅವರ ಜೊತೆಗೇ ಓಡಾಡಿ ಮನೆಯ ವಿಡಿಯೋ ಮಾಡ್ತೀನಿ. ಗೋಡೆ ಗೀರು, ಸಿಂಕ್ ಕೆಳಗಿನ ತೇವ, ಬಿಗಿಯಾದ ಚಿಲಕ, ಎಲ್ಲ. ಅದು ಇಬ್ಬರ ವಾಟ್ಸಾಪಲ್ಲೂ ಇರುತ್ತೆ. ಬಣ್ಣದ ಖರ್ಚು ನನ್ನದು. ಮೂರು ವರ್ಷ ಒಗ್ಗರಣೆ ಹಾಕಿದ ಅಡುಗೆಮನೆ ಗೋಡೆ ಮಾಸದೆ ಇರುತ್ತಾ?

ಒಮ್ಮೆ ಮೇಲಿನ ಮನೆಯ ಹುಡುಗಿ ಕೈಯಲ್ಲಿ ಕ್ಯಾಲೆಂಡರ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಆಂಟಿ, ಒಂದೇ ಒಂದು ಮೊಳೆ ಹೊಡೀಬಹುದಾ?" ಹಿಂದಿನ ಮನೇಲಿ ಮೊಳೆಗೆ ಇಷ್ಟು ಅಂತ ಲೆಕ್ಕ ಹಾಕಿದ್ದರಂತೆ. ನನಗೇ ಒಂಥರಾ ಆಯಿತು. ನಮ್ಮನೆಯವರ ಡ್ರಿಲ್ಲಿಂಗ್ ಮಷೀನನ್ನೇ ಕೊಟ್ಟು ಕಳಿಸಿದೆ.

ಕರೆಂಟಿಗೆ ಎರಡೂ ಮನೆಗೆ ಬೇರೆ ಬೇರೆ ಮೀಟರ್ ಇದೆ. ಬಿಲ್ ಅವರ ಕೈಗೇ ಹೋಗುತ್ತೆ, ಯೂನಿಟ್ಟಿಗೆ ನಾನು ಲಾಭ ಇಟ್ಟುಕೊಳ್ಳಲ್ಲ. ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಬಾಡಿಗೆಯವರಿಗೂ ಸಿಗುತ್ತೆ. ಹಳಬರು ಬಿಟ್ಟಾಗ ಆ ಮನೆಯ ಆರ್‌ಆರ್ ನಂಬರಿನಿಂದ, ಅಂದ್ರೆ ಬಿಲ್ಲಿನಲ್ಲಿರೋ ಕರೆಂಟ್ ಸಂಪರ್ಕದ ನಂಬರಿನಿಂದ, ಅವರ ಆಧಾರ್ ಬಿಡಿಸೋದನ್ನ ನೆನಪಿಸ್ತೀನಿ. ಮೊದಲ ಸಲ ನಾನು ಮರೆತಿದ್ದಕ್ಕೆ ಹೊಸಬರು ಸುಮ್ನೆ ಅಲೆದಾಡಿದ್ದರು. ತಪ್ಪು ನನ್ನದೇ.

ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದರೆ ರಸೀದಿ ಫೋಟೋ ಹಾಕಿ ಮೂರು ಪಾಲು ಮಾಡ್ತೀನಿ. ನಮ್ಮದೂ ಒಂದು ಪಾಲು.

ಕಳೆದ ಸಲ ಮನೆ ಬಿಟ್ಟವರ ಸಾಮಾನು ಇನ್ನೂ ಗಾಡಿಗೆ ಏರುತ್ತಿತ್ತು, ಅಷ್ಟರಲ್ಲೇ ಅಡ್ವಾನ್ಸ್ ಪೂರ್ತಿ ಹಾಕಿದೆ. ಆ ಮನುಷ್ಯ ಮೊಬೈಲ್ ನೋಡಿದರು, ಮತ್ತೆ ನೋಡಿದರು. "ಪೇಂಟಿಂಗಿಂದು ಮುರ್ಕೊಳ್ಳೋದು ಮರ್ತ್ರಾ ಮೇಡಂ?"