ಮೀಟರ್ ಗಾಜಿನೊಳಗೆ ಮಂಜು ಕೂತರೆ

ಜೂನ್ ಬಂತೆಂದರೆ ಮಡಿಕೇರಿ ಕಡೆ ಹಳೆ ಕಾರುಗಳ ಮೀಟರ್ ಗಾಜು ಬೆವರಲು ಶುರು. ಬೆಳಿಗ್ಗೆ ಕಾರು ತೆಗೆದರೆ ಸ್ಪೀಡೋಮೀಟರಿನ ಮುಳ್ಳು ಕಾಣುವುದಿಲ್ಲ, ಪೆಟ್ರೋಲ್ ಎಷ್ಟಿದೆ ಗೊತ್ತಾಗುವುದಿಲ್ಲ, ಗಾಜು ಎಷ್ಟು ಒರೆಸಿದರೂ ಪ್ರಯೋಜನವಿಲ್ಲ, ಯಾಕೆಂದರೆ ಹನಿ ಇರುವುದು ಒಳಗಡೆ. ನಮ್ಮ ಮನೆಯ ಅಂಬಾಸಿಡರ್‌ನಲ್ಲಿ ಇದನ್ನು ಹಲವು ಮಳೆಗಾಲ ನೋಡಿದ್ದೇನೆ. ಮಳೆ ಮುಗಿದ ಮೇಲೆ ತಾನಾಗಿಯೇ ಹೋಗುತ್ತದೆ ಅಂತ ಸುಮ್ನೆ ಬಿಡಬೇಡಿ. ಹೋಗುತ್ತದೆ, ನಿಜ. ಆದರೆ ಅಷ್ಟರಲ್ಲಿ ಡಯಲ್ ಮೇಲೆ ಕಲೆ ಬಿದ್ದಿರುತ್ತದೆ, ಮುಳ್ಳಿನ ಬುಡಕ್ಕೆ ತುಕ್ಕು ಹಿಡಿದಿರುತ್ತದೆ. ಹಳೆ ಡಯಲ್ ಹಾಳಾದರೆ ಅಂಥದ್ದೇ ಇನ್ನೊಂದು ಸಿಗುವುದು ಕಷ್ಟ ಅಲ್ವಾ?

ಹಳೆ ಮೀಟರ್ ಗಾಳಿ ಹೋಗದ ಡಬ್ಬ ಅಲ್ಲ. ಬಿಸಿಯಾದಾಗ ಒಳಗಿನ ಗಾಳಿ ಹೊರಗೆ ಹೋಗುತ್ತದೆ, ತಣ್ಣಗಾದಾಗ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಎಳೆದುಕೊಳ್ಳುವುದು ಒದ್ದೆ ಗಾಳಿಯನ್ನೇ. ಸಂಪಾಜೆಯಿಂದ ಘಾಟಿ ಹತ್ತಿ ಬಂದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಕೆಳಗಿನ ಸೆಕೆಯ ತೇವವೆಲ್ಲ ಮೀಟರಿನೊಳಗೆ ಇರುತ್ತದೆ, ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಮೇಲೆ ಬರುವಷ್ಟರಲ್ಲಿ ಗಾಜು ತಣ್ಣಗಾಗಿ ಆ ತೇವ ಅದಕ್ಕೇ ಅಂಟಿಕೊಳ್ಳುತ್ತದೆ. ಅದೇ ಕಾರು ಕುಶಾಲನಗರಕ್ಕೆ ಇಳಿದು ಸ್ವಲ್ಪ ಹೊತ್ತು ಬಿಸಿಲಲ್ಲಿ ನಿಂತರೆ ಗಾಜು ತಿಳಿಯಾಗುತ್ತದೆ.

ಹಾಗಾಗಿ ಮೊದಲು ಮೀಟರ್ ಬಿಚ್ಚಬೇಡಿ. ಕಾರಿನೊಳಗೆ ನೀರು ಎಲ್ಲಿದೆ ಹುಡುಕಿ. ಕಾಲಡಿಯ ಮ್ಯಾಟ್ ಎತ್ತಿ, ಅದರ ಕೆಳಗೆ ಕೈ ಹಾಕಿ ನೋಡಿ. ಮ್ಯಾಟ್ ಒಣಗಿದ ಹಾಗೆ ಕಂಡರೂ ಕೆಳಗಿನ ಹಾಸು ವಾರಗಟ್ಟಲೆ ಒದ್ದೆಯಾಗಿ ಇರುತ್ತದೆ, ಆ ತೇವವೇ ರಾತ್ರಿಯೆಲ್ಲ ಮೇಲೆದ್ದು ಮೀಟರ್ ಸೇರುತ್ತದೆ. ಮಳೆ ಇಲ್ಲದ ದಿನ ಒಬ್ಬರು ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡ್ ಕೆಳಗೆ ಮಲಗಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನಿಧಾನವಾಗಿ ನೀರು ಬಿಡಲಿ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಬನ್ನಿ, ಒಮ್ಮೆಲೇ ಮೇಲಿನಿಂದ ಸುರಿದರೆ ಎಲ್ಲಿ ಸೋರಿತು ಅಂತ ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ ಸಿಕ್ಕಿಬೀಳುವುದು ಮುಂದಿನ ಗಾಜಿನ ರಬ್ಬರ್ ಬೀಡಿಂಗ್, ಅದರಲ್ಲೂ ಕೆಳಗಿನ ಎರಡು ಮೂಲೆ. ವೈಪರ್ ಕಡ್ಡಿ ಹೊರಬರುವ ಜಾಗ, ಬಾನೆಟ್ ಹಿಂದೆ ನೀರು ಇಳಿದುಹೋಗುವ ತೂತು, ವೈರ್ ಮತ್ತು ಕೇಬಲ್ ಇಂಜಿನ್ ಕಡೆಯಿಂದ ಒಳಗೆ ಬರುವಲ್ಲಿನ ರಬ್ಬರ್, ಇಷ್ಟನ್ನೂ ನೋಡಿ. ಸಿಲ್ವರ್ ಓಕ್ ಎಲೆ ಕೊಳೆತು ಆ ತೂತು ಮುಚ್ಚಿದ್ದರೆ ನೀರು ಕಾರಿನೊಳಗೇ ಇಳಿಯುತ್ತದೆ.

ಅಭ್ಯಾಸವೂ ಸ್ವಲ್ಪ ಬದಲಾಗಬೇಕು. ಒದ್ದೆ ಕೊಡೆ, ಗೋಣಿಚೀಲ, ತೋಟದ ಬೂಟು ಕಾರಿನೊಳಗೆ ರಾತ್ರಿ ಇಡಬೇಡಿ. ಮ್ಯಾಟ್ ಕೆಳಗೆ ಹಳೆ ಪೇಪರ್ ಹಾಸಿ ದಿನಾ ಬದಲಿಸಿ. ಟಾರ್ಪಾಲು ಬಿಗಿಯಾಗಿ ಹೊದಿಸುವುದು ಇನ್ನೂ ಕೆಟ್ಟದ್ದು, ಮೇಲಿನ ಮಳೆ ತಪ್ಪುತ್ತದೆ, ಕೆಳಗಿನ ತೇವ ಒಳಗೇ ಉಳಿಯುತ್ತದೆ. ಶೆಡ್ಡಿನ ನೆಲ ಮಣ್ಣಿನದ್ದಾದರೆ ಕಾರಿನ ಅಡಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ.

ಬಟ್ಟೆಗೆ ಬೂಷ್ಟು ಹಿಡಿಯದಿರಲಿ ಅಂತ ನಮ್ಮಲ್ಲಿ ಬೀರುವಿನೊಳಗೆ ಬಲ್ಬ್ ಉರಿಸುತ್ತಾರಲ್ಲ, ಮೀಟರ್ ಒಳಗಿನ ಸಣ್ಣ ಬಲ್ಬೂ ಅದೇ ಕೆಲಸ ಮಾಡುತ್ತದೆ. ಹಗಲಲ್ಲೂ ಅರ್ಧ ಗಂಟೆ ಪಾರ್ಕಿಂಗ್ ಲೈಟ್ ಹಾಕಿಕೊಂಡು ಓಡಿಸಿ. ಹೆಚ್ಚು ಬೆಳಕು ಬರಲಿ ಅಂತ ಎಲ್ಇಡಿ ಹಾಕಿಸಿದವರ ಮೀಟರ್ ಜಾಸ್ತಿ ಮಂಜಾಗುವುದಕ್ಕೆ ಇದೂ ಒಂದು ಕಾರಣ, ಅದರಲ್ಲಿ ಬಿಸಿ ಕಡಿಮೆ. ಬಲ್ಬ್ ಹೋಲ್ಡರ್ ಒಂದು ಕಳಚಿ ಬಿದ್ದಿದ್ದರೆ ಆ ತೂತಿನಿಂದಲೂ ತೇವ ನುಗ್ಗುತ್ತದೆ, ಹಿಂದೆ ಕೈ ಹಾಕಿ ನೋಡಿ.

ಇಷ್ಟು ಮಾಡಿದರೂ ಹೋಗದಿದ್ದರೆ ಮಾತ್ರ ಬಿಚ್ಚುವ ಕೆಲಸ. ಅದಕ್ಕೂ ಕಾಲ ನೋಡಿ. ಕಣದಲ್ಲಿ ಕಾಫಿ ಒಣಗುವ ಜನವರಿ, ಫೆಬ್ರವರಿ ಒಳ್ಳೆಯದು. ನಮ್ಮ ಕಾರಿನ ಮೀಟರನ್ನು ಒಂದು ವರ್ಷ ಜುಲೈನಲ್ಲಿ ಒಂದು ಅಂಗಡಿಯಲ್ಲಿ ಬಿಚ್ಚಿ, ಸುತ್ತಲೂ ಸಿಲಿಕೋನ್ ಬಳಿದು ಮುಚ್ಚಿಕೊಟ್ಟರು. ಒದ್ದೆ ಗಾಳಿಯನ್ನೇ ಒಳಗೆ ಹಾಕಿ ಬೀಗ ಹಾಕಿದ ಹಾಗಾಯಿತು. ಮೊದಲು ಮಧ್ಯಾಹ್ನಕ್ಕೆ ಆರುತ್ತಿದ್ದ ಹನಿ ಆಮೇಲೆ ತಿಂಗಳುಗಟ್ಟಲೆ ಆರಲಿಲ್ಲ. ಜೊತೆಗೆ, ವಿನೆಗರ್ ವಾಸನೆ ಬರುವ ಸಿಲಿಕೋನ್ ಒಣಗುವಾಗ ಆಸಿಡ್ ಬಿಡುತ್ತದೆ, ತಾಮ್ರಕ್ಕೆ ಅದು ಆಗುವುದಿಲ್ಲ. ಮೀಟರಿನ ಹಿಂದೆ ಗಾಳಿಗೆಂದೇ ಇಟ್ಟ ಸಣ್ಣ ತೂತಿದ್ದರೆ ಅದನ್ನೂ ಮುಚ್ಚಬೇಡಿ.

ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಪ್ರತಿ ವೈರಿಗೂ ಟೇಪ್ ಸುತ್ತಿ ನಂಬರ್ ಬರೆಯಿರಿ, ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಕೆಲವು ಹಳೆ ಗಾಡಿಗಳಲ್ಲಿ ಟೆಂಪರೇಚರ್ ಮೀಟರಿನಿಂದ ಇಂಜಿನ್‌ವರೆಗೆ ಕೂದಲಿನಷ್ಟು ತೂತಿನ ತಾಮ್ರದ ನಳಿಗೆ ಹೋಗಿರುತ್ತದೆ. ಅದು ಮಡಚಿದರೆ ಅಥವಾ ತುಂಡಾದರೆ ಆ ಮೀಟರ್ ಮುಗಿಯಿತು, ಅದನ್ನು ಎಳೆಯಲೇಬೇಡಿ. ಆಯಿಲ್ ಮೀಟರಿಗೆ ನಿಜವಾದ ಆಯಿಲ್ ಪೈಪ್ ಇದ್ದರೆ ಕೆಳಗೆ ಬಟ್ಟೆ ಇಟ್ಟು ಬಿಚ್ಚಿ.

ಗಾಜಿನ ಸುತ್ತಲಿನ ರಿಂಗ್ ಕೆಲವದರಲ್ಲಿ ತಿರುಗಿಸಿದರೆ ಬರುತ್ತದೆ. ಬಾರದಿದ್ದರೆ ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಮಾಡಿ ಮತ್ತೆ ಪ್ರಯತ್ನಿಸಿ. ಅಂಚು ಮಡಚಿ ಕೂರಿಸಿದ ರಿಂಗ್ ಆದರೆ ಕೈ ಪಳಗಿದವರಿಗೇ ಕೊಡಿ. ಒಳಗಿನ ಡಯಲ್ ಒರೆಸಬೇಡಿ, ಅಂಕಿಯ ಬಣ್ಣ ಬಟ್ಟೆಗೆ ಬರುತ್ತದೆ. ಮೆತ್ತನೆಯ ಬ್ರಷ್ ಸಾಕು. ಮುಳ್ಳು ಮುಟ್ಟಬೇಡಿ. ಗಾಜಿಗೆ ಸೋಪಿನ ನೀರು, ಆಮೇಲೆ ಒಣ ಬಟ್ಟೆ. ಗಾಜಿನ ಬದಲು ಪ್ಲಾಸ್ಟಿಕ್ ಇದ್ದರೆ ಸ್ಪಿರಿಟ್ ತಾಗಿಸಬೇಡಿ, ಸೀಳು ಬಿಡುತ್ತದೆ.

ಈಗ ಬಿಚ್ಚಿದ ಮೀಟರನ್ನು ಸಿಲಿಕಾ ಜೆಲ್ ಜೊತೆ ಬಿಗಿ ಮುಚ್ಚಳದ ಡಬ್ಬದಲ್ಲಿ ಎರಡು ಮೂರು ದಿನ ಇಡಿ. ಅಕ್ಕಿಯಲ್ಲಿ ಹೂಳಬೇಡಿ, ಹುಡಿ ಒಳಗೆ ಸೇರುತ್ತದೆ. ನೀಲಿ ಜೆಲ್ ಗುಲಾಬಿಯಾದರೆ ನೀರು ಕುಡಿದಿದೆ ಅಂತ ಅರ್ಥ, ಬದಲಿಸಿ. ಆ ನೀಲಿ ಬಣ್ಣ ಕೋಬಾಲ್ಟಿನದ್ದು, ವಿಷ, ಅಡುಗೆ ಪಾತ್ರೆಯಲ್ಲಿ ಹಾಕಿ ಬಿಸಿ ಮಾಡಬೇಡಿ. ಗಾಜಿನ ಅಂಚಿನ ಹಳೆ ರಬ್ಬರ್ ಕಲ್ಲಿನಂತೆ ಗಟ್ಟಿಯಾಗಿದ್ದರೆ ಅದೇ ದಪ್ಪದ ಹೊಸ ರಬ್ಬರ್ ರಿಂಗ್ ಹಾಕಿ, ಬಿಸಿಲಿನ ಮಧ್ಯಾಹ್ನ ನೋಡಿ ಮುಚ್ಚಿ.

ವಾಪಸ್ ಕೂರಿಸುವಾಗ ಸ್ಪೀಡೋಮೀಟರ್ ಕೇಬಲಿಗೆ ಗ್ರೀಸ್ ಹಾಕುವುದಾದರೆ ಮೀಟರ್ ಕಡೆಯ ಕೊನೆಯ ಏಳೆಂಟು ಇಂಚು ಬಿಟ್ಟು ಹಚ್ಚಿ. ತುದಿಯವರೆಗೂ ಹಚ್ಚಿದರೆ ಕೇಬಲ್ ತಿರುಗುತ್ತಾ ತಿರುಗುತ್ತಾ ಆ ಗ್ರೀಸು ಮೀಟರಿನೊಳಗೆ ಏರುತ್ತದೆ, ಗಾಜಿನ ಒಳಗೆ ಎಣ್ಣೆಯ ಪದರ ಕೂರುತ್ತದೆ, ಅದು ನೋಡಲು ಮಂಜಿನ ಹಾಗೇ ಇದ್ದರೂ ಎಷ್ಟು ಬಿಸಿಲಿಗೆ ಇಟ್ಟರೂ ಆರುವುದಿಲ್ಲ.