ಕೆಲಸ ಬಿಟ್ಟಾಯ್ತು, ಕಂಪನಿ ಸಾಮಾನು ಮನೆಯಲ್ಲೇ ಇದೆಯಾ?

ಬೆಂಗಳೂರಿನ ಕೆಲಸ ಬಿಟ್ಟು ಹಾಸನಕ್ಕೆ ವಾಪಸ್ ಬರುವ ದಿನ ಭಾನುವಾರವಾಗಿತ್ತು. ಆಫೀಸಿನಲ್ಲಿ ಯಾರೂ ಇರಲಿಲ್ಲ. ಲ್ಯಾಪ್‌ಟಾಪನ್ನು ಗೇಟಿನಲ್ಲಿದ್ದ ಸೆಕ್ಯುರಿಟಿಯವರ ಕೈಗೆ ಕೊಟ್ಟು ಬಸ್ ಹತ್ತಿದೆ. ಐದು ತಿಂಗಳಾದ ಮೇಲೆ ಮೇಲ್ ಬಂತು, ‘ಲ್ಯಾಪ್‌ಟಾಪ್ ಹಿಂದಿರುಗಿಸಿ’ ಅಂತ. ಕೊಟ್ಟಿದ್ದೇನೋ ನಿಜ. ಆದರೆ ತಗೊಂಡೆವು ಅನ್ನುವ ಒಂದು ಚೀಟಿಯೂ ನನ್ನ ಹತ್ತಿರ ಇರಲಿಲ್ಲ. ಗೇಟಿನ ಹಳೇ ರಿಜಿಸ್ಟರ್ ಹುಡುಕಿಸಿ ಬಚಾವಾಗುವಷ್ಟರಲ್ಲಿ ಸಾಕುಸಾಕಾಯಿತು.

ನಿಮಗೆ ಹಾಗಾಗಬಾರದು ಅಂದರೆ ಮೊದಲು ಪಟ್ಟಿ ಮಾಡಿ. ಲ್ಯಾಪ್‌ಟಾಪ್ ಎಲ್ಲರಿಗೂ ನೆನಪಿರುತ್ತದೆ. ಚಾರ್ಜರ್, ಐಡಿ ಕಾರ್ಡ್, ಲಾಕರ್ ಕೀ ಮರೆತುಹೋಗುತ್ತವೆ. ಸಕಲೇಶಪುರದ ಕಡೆ ತೋಟದ ರೈಟರ್ (ಆಳುಗಳ ಹಾಜರಿ, ಲೆಕ್ಕ ನೋಡಿಕೊಳ್ಳುವವರು) ಆಗಿದ್ದರಂತೂ ಪಟ್ಟಿ ಉದ್ದ: ಗೋದಾಮಿನ ಬೀಗದ ಕೈ, ಬೈಕು, ಕಳೆ ಕೊಚ್ಚುವ ಮಷಿನ್, ಹಾಜರಿ ಪುಸ್ತಕ, ಇರಲು ಕೊಟ್ಟ ಮನೆ. ಪ್ರತಿಯೊಂದರ ಫೋಟೊ ತೆಗೆಯಿರಿ. ಸೀರಿಯಲ್ ನಂಬರ್ ಕಾಣಬೇಕು, ಗೀರು ಬಿದ್ದಿದ್ದರೆ ಅದೂ ಕಾಣಬೇಕು.

ಆಮೇಲೆ ಎಚ್‌ಆರ್‌ಗೆ ಮೇಲ್ ಹಾಕಿ. ‘ನನ್ನ ಬಳಿ ಇಷ್ಟಿವೆ, ಯಾರಿಗೆ, ಎಲ್ಲಿಗೆ ತಲುಪಿಸಲಿ?’ ಇಷ್ಟೇ ಸಾಕು. ಸ್ವಂತ ಮೇಲ್ ಐಡಿಯಿಂದ ಹಾಕಿ, ಕಂಪನಿಯ ಐಡಿ ಯಾವಾಗ ಬಂದ್ ಆಗುತ್ತದೋ ಹೇಳಲಾಗದು.

ಕಂಪನಿ ಫೋನ್, ಸಿಮ್ ಕೊಟ್ಟಿದ್ದರೆ ಅದಕ್ಕೆ ಸ್ವಲ್ಪ ಜಾಸ್ತಿ ಗಮನ ಕೊಡಿ. ಬ್ಯಾಂಕ್, ಆಧಾರ್, ಯುಪಿಐ, ಪಿಎಫ್ ಎಲ್ಲಕ್ಕೂ ಕಂಪನಿಯ ನಂಬರ್ ಕೊಟ್ಟಿರುತ್ತೇವೆ. ಅದನ್ನು ಬದಲಿಸದೆ ಸಿಮ್ ಕೊಟ್ಟರೆ ನಿಮ್ಮ ಒಟಿಪಿ ಬೇರೆಯವರ ಕೈಗೆ ಹೋಗುತ್ತದೆ. ಫೋನಿನಿಂದ ನಿಮ್ಮ ಗೂಗಲ್ ಅಕೌಂಟ್ ತೆಗೆಯಿರಿ. ತೆಗೆಯದೆ ರೀಸೆಟ್ ಮಾಡಿದರೆ ಫೋನ್ ಲಾಕ್ ಆಗಬಹುದು, ಆಗ ಮತ್ತೆ ನಿಮ್ಮನ್ನೇ ಹುಡುಕಿಕೊಂಡು ಬರುತ್ತಾರೆ. ಲ್ಯಾಪ್‌ಟಾಪಿನಲ್ಲಿ ಮಾತ್ರ ಮನೆಯ ಫೋಟೊ, ಸ್ವಂತ ಫೈಲ್ ಬಿಟ್ಟು ಬೇರೇನೂ ಅಳಿಸಬೇಡಿ. ಕೆಲಸದ ಫೈಲ್ ಕೂಡ ಕಂಪನಿಯದೇ ಆಸ್ತಿ.

ಖುದ್ದಾಗಿ ಹೋಗಿ ಕೊಡುವುದೇ ಒಳ್ಳೆಯದು. ಆಗದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ಇನ್ಶೂರೆನ್ಸ್ ಸೇರಿಸಿ. ರಿಜಿಸ್ಟರ್ಡ್ ಪೋಸ್ಟ್ ಕೇಳಬೇಡಿ, 2025ರಲ್ಲೇ ಅದು ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ. ಬ್ಯಾಟರಿ ಇರುವ ಸಾಮಾನು ಅಂತ ಕೌಂಟರಿನಲ್ಲಿ ಮೊದಲೇ ಹೇಳಿ. ಪರಿಚಯದ ಕಂಡಕ್ಟರ್ ಕೈಲಿ ಕಳಿಸೋಣ ಅನ್ನಿಸುತ್ತದೆ, ಅಲ್ವಾ? ಬೇಡ. ಹೇಗೇ ಕೊಟ್ಟರೂ ಹೆಸರು, ತಾರೀಖು, ಸಹಿ ಇರುವ ಸ್ವೀಕೃತಿ ಬರೆಸಿಕೊಳ್ಳಿ.

ಬಾಕಿ ಸಂಬಳ ಬರಲಿ, ಆಮೇಲೆ ಕೊಡೋಣ ಅಂತ ಸುಮ್ನೆ ಇಟ್ಟುಕೊಂಡರೆ ತಿರುಗಿ ನಿಮಗೇ ಹೊಡೆತ. 2013ರ ಕಂಪನಿ ಕಾಯ್ದೆಯ 452ನೇ ಸೆಕ್ಷನ್ ಪ್ರಕಾರ ಕಂಪನಿಯ ಆಸ್ತಿಯನ್ನು ಅಕ್ರಮವಾಗಿ ಇಟ್ಟುಕೊಂಡರೆ 1 ಲಕ್ಷದಿಂದ 5 ಲಕ್ಷ ರೂಪಾಯಿವರೆಗೆ ದಂಡ. ಹಿಂದಿರುಗಿಸಲು ಕೋರ್ಟ್ ಕೊಟ್ಟ ಗಡುವು ಮೀರಿದರೆ 2 ವರ್ಷದವರೆಗೆ ಜೈಲೂ ಆಗಬಹುದು. ಹಳೇ ಕಾಯ್ದೆಯಲ್ಲೂ ಇಂಥದೇ ಸೆಕ್ಷನ್ ಇತ್ತು. ಅದು ಕೆಲಸ ಬಿಟ್ಟವರಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ. ಕಂಪನಿ ಅಂತ ನೋಂದಣಿಯಾಗದ ಮನೆತನದ ತೋಟವಾದರೆ ಈ ಕಾಯ್ದೆ ಬರುವುದಿಲ್ಲ. ಆದರೂ ನಂಬಿಕೆ ದ್ರೋಹದ ದೂರು ಕೊಡಲು ಅವರಿಗೆ ದಾರಿ ಇದೆ.

ಹಾಗಂತ ಮಾಲೀಕರೂ ಇಷ್ಟ ಬಂದಂತೆ ಸಂಬಳ ಹಿಡಿಯುವಂತಿಲ್ಲ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆ ಪ್ರಕಾರ ಕೆಲಸ ಬಿಟ್ಟ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಕೊಡಬೇಕು. ನಿಮ್ಮ ವಶಕ್ಕೆ ಕೊಟ್ಟ ಸಾಮಾನು ನಿಮ್ಮ ತಪ್ಪಿನಿಂದ ಕಳೆದುಹೋಗಿದ್ದರೆ ಕಡಿತ ಮಾಡಬಹುದು. ಅದಕ್ಕೂ ಮೊದಲು ನಿಮ್ಮ ವಿವರಣೆ ಕೇಳಲೇಬೇಕು.

ಕೆಲವೊಮ್ಮೆ ಕಂಪನಿಯವರೇ ಸಾಮಾನು ಒಯ್ಯುವುದಿಲ್ಲ. ಆಗ ಮಾರಬೇಡಿ, ಯಾರಿಗೂ ಕೊಡಬೇಡಿ. ಆಗಾಗ ಮೇಲ್ ಹಾಕುತ್ತಾ ಜೋಪಾನವಾಗಿ ಎತ್ತಿಡಿ. ನನ್ನ ಹಳೇ ಕಂಪನಿಯ ಮೌಸ್ ಒಂದು ಈಗಲೂ ಮೇಜಿನ ಡ್ರಾಯರಿನಲ್ಲಿದೆ. ಮೂರು ಮೇಲ್ ಹಾಕಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.